ಅಳತೆ ಸರಿಯಿದ್ದರೆ ಗ್ಲಾಸು ಸರಿಯೇ?

ಕಳೆದ ಜನವರಿಯಲ್ಲಿ ಮಾನಂದವಾಡಿಯಿಂದ ವಾಪಸ್ ಬರ್ತಾ ಇದ್ದೆ. ಆ ಕಾಡಿನ ರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚಿಬಿಡ್ತಾರೆ. ಅದಕ್ಕೇ ಬೇಗ ಹೊರಟು, ಬಾವಲಿ ದಾಟಿ, ಅಂತರಸಂತೆ ಕಳೆದು ಎಚ್.ಡಿ. ಕೋಟೆ ಕಡೆ ಬರುವಾಗ ಮುಂದೆ ಒಂದು ಜಲ್ಲಿ ಟಿಪ್ಪರ್ ಸಿಕ್ತು. ಮೇಲೆ ಟಾರ್ಪಾಲಿಲ್ಲ. ಓವರ್‌ಟೇಕ್ ಮಾಡೋಣ ಅಂತ ಹತ್ತಿರ ಹೋಗಿದ್ದಷ್ಟೇ, ಟಕ್ ಅಂತ ಒಂದು ಸದ್ದು. ಮುಂದಿನ ಗ್ಲಾಸಿನ ಮೇಲೆ ಕಡಲೆಕಾಳಿನಷ್ಟು ಗುರುತು. ‘ಇಷ್ಟೇ ತಾನೇ’ ಅಂದ್ಕೊಂಡು ಹುಣಸೂರಿಗೆ ಬಂದು ಮಲಗಿದೆ. ಮಾರನೇ ದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರನ್ನು ನೋಡ್ತೀನಿ, ಆ ಕಡಲೆಕಾಳಿನಿಂದ ಹೊರಟ ಸೀಳು ಗ್ಲಾಸಿನ ಆ ಕೊನೆ ಮುಟ್ಟಿತ್ತು.

ಇನ್ನೈದು ದಿನಕ್ಕೆ ಕೆ.ಆರ್. ನಗರದಲ್ಲಿ ನಮ್ಮ ಅಕ್ಕನ ಮಗಳ ಮದುವೆ. ನೆಂಟರನ್ನ ಕರ್ಕೊಂಡ್ ಹೋಗೋದು, ಜವಳಿ ತರೋದು, ಎಲ್ಲಾ ನನ್ನ ಕಾರಿನ ಮೇಲೆ. ಗ್ಲಾಸು ಒಡೆದರೆ ಗ್ಲಾಸು ಹಾಕಿಸೋದು, ಅದರಲ್ಲೇನಿದೆ ಅಂತ ಅಂಗಡಿಗೆ ಹೋದೆ. ಕಾರಿನ ಹೆಸರು ಹೇಳಿದೆ, 2021ರ ಗಾಡಿ ಅಂದೆ. “ಮೈಸೂರಿಂದ ತರಿಸ್ಬೇಕು ಸಾ, ನಾಳೆ ಬತ್ತದೆ” ಅಂದ್ರು. ಮಾರನೇ ದಿನ ಬಂತು. ನಮ್ಮ ಗ್ಲಾಸಿನಲ್ಲಿ ಕನ್ನಡಿಯ ಹಿಂದೆ ಮಳೆ ಸೆನ್ಸರ್ ಕೂರೋ ಜಾಗ ಇದೆ, ಬಂದಿದ್ದರಲ್ಲಿ ಇಲ್ಲ. ವಾಪಸ್. ಎರಡನೇದು ಬಂತು. ಅದರಲ್ಲಿ ಸೆನ್ಸರ್ ಜಾಗ ಇದೆ, ಆದರೆ ಕನ್ನಡಿ ಸಿಕ್ಕಿಸೋ ಬಿಲ್ಲೆ ಎರಡು ಬೆರಳು ಕೆಳಗಿದೆ. ಅದು ಹಳೇ ಶೇಪಿನ ಗಾಡಿದಂತೆ. ಅದೂ ವಾಪಸ್.

ಮೂರನೇ ದಿನ ಇನ್ನೊಂದು ಅಂಗಡಿಗೆ ಹೋದೆ. ಜೊತೆಗೆ ಚಿಕ್ಕಪ್ಪನೂ ಬಂದಿದ್ದರು. ಅಲ್ಲಿದ್ದ ಹುಡುಗ ಟೇಪು ಹಿಡಿದು ಅಳೆದು, ಒಳಗಿಂದ ಒಂದು ಗ್ಲಾಸು ತಂದು ಗೋಡೆಗೆ ಒರಗಿಸಿದ. “ಸೇಮ್ ಸೈಜು ಸಾ. ಅರ್ಧ ರೇಟು. ಸಂಜೆಗೆ ಗಾಡಿ ತಗೊಂಡ್ ಹೋಗಿ” ಅಂದ. ನನಗೆ ಮದುವೆಯ ತಲೆಬಿಸಿ. ‘ಆಯ್ತು ಹಾಕಪ್ಪ’ ಅನ್ನೋದು ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಗ್ಲಾಸಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಮೂಲೆ ಸವರಿ ನೋಡಿ ಕೇಳಿದರು: “ಇದ್ರ ಮುದ್ರೆ ಎಲ್ಲಪ್ಪ?”

ಮುದ್ರೆ ಇರಲಿಲ್ಲ. ಚಿಕ್ಕಪ್ಪ ಎದ್ದು, “ನಡಿ ಮಗ” ಅಂದ್ರು. ಚಿಕ್ಕಪ್ಪನಿಗೆ ಎಡಗಣ್ಣಿಲ್ಲ. ಅದು ಹೋಗಿದ್ದು ಹೇಗೆ ಅಂತ ಹೇಳ್ತೀನಿ. ಅದಕ್ಕೂ ಮೊದಲು ಈ ಗ್ಲಾಸು ನಮ್ಮ ಮುಖದ ಮುಂದೆ ಬಂದು ನಿಂತ ಕಥೆ ಹೇಳಬೇಕು. ಯಾಕಂದ್ರೆ ‘ಸರಿಯಾದ ಗ್ಲಾಸು’ ಅನ್ನೋ ಮಾತಿನ ಅರ್ಥವೇ ಈ ನೂರು ವರ್ಷದಲ್ಲಿ ಎರಡು ಮೂರು ಸಲ ಬದಲಾಗಿದೆ.

ನಮ್ಮ ಹುಣಸೂರು ಮೊದಲಿನಿಂದಲೂ ಗಾಡಿ, ಎತ್ತು, ಮರ, ಚರ್ಮದ ಊರು. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲದಲ್ಲಿ ‘ಅಮೃತ್ ಮಹಲ್’ ಆಯಿತಲ್ಲ, ಆ ದನಗಳ ಇಲಾಖೆಗೆ ಬ್ರಿಟಿಷರ ಕಾಲದಲ್ಲಿ ಮುಖ್ಯ ಠಾಣೆ ಹುಣಸೂರೇ. ಹತ್ತೊಂಬತ್ತನೇ ಶತಮಾನದಲ್ಲಿ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಇಲ್ಲಿ ತಯಾರಾಗ್ತಿದ್ದವು. ದೊಡ್ಡ ಮರದ ಡಿಪೋ ಇತ್ತು. ಅಂಥ ಊರಿನಲ್ಲಿ ಗಾಡಿಯ ಗುಂಬ ಸೀಳಿದರೆ ಬಡಗಿ ಇದ್ದ, ಪಟ್ಟಿ ಸಡಿಲವಾದರೆ ಕಮ್ಮಾರ ಇದ್ದ. ಇಬ್ಬರೂ ಗಾಡಿ ಮುಂದೆ ಕೂತು, ಅಳತೆ ತಗೊಂಡು, ಆ ಗಾಡಿಗೆ ಅಂತಲೇ ಸಾಮಾನು ಮಾಡಿಕೊಡ್ತಿದ್ದರು. ‘ಸರಿಯಾದದ್ದು’ ಅಂದ್ರೆ ‘ಅಳತೆಗೆ ಸರಿಯಾದದ್ದು’. ಇದು ಸರಿಯ ಮೊದಲನೇ ಅರ್ಥ. ಮೋಟಾರು ಬಂದ ಮೇಲೂ ನಮ್ಮ ಕಡೆ ಮನಸ್ಸಿನಲ್ಲಿ ಉಳಿದಿದ್ದು ಇದೇ ಅರ್ಥ.

ಮೊದಮೊದಲ ಮೋಟಾರು ಕಾರುಗಳಿಗೆ ಮುಂದೆ ಗ್ಲಾಸೇ ಇರಲಿಲ್ಲ. ಡ್ರೈವರು ದಪ್ಪ ಕನ್ನಡಕ ಹಾಕ್ಕೊಂಡು, ಕೋಟು ತೊಟ್ಟು, ಧೂಳು ಕುಡಿಯುತ್ತಾ ಓಡಿಸಬೇಕಿತ್ತು. ವೇಗ ಹೆಚ್ಚಿದ ಹಾಗೆ ಗಾಳಿ ತಡೆಯೋಕೆ ಗಾಜು ನಿಲ್ಲಿಸಿದರು. ಅದು ಮನೆ ಕಿಟಕಿಗೆ ಹಾಕೋ ಥರದ್ದೇ ಗಾಜು. ಗಾಳಿಯೇನೋ ನಿಂತಿತು. ಆದರೆ ಡಿಕ್ಕಿಯಾದರೆ ಆ ಗಾಜು ಒಡೆದು ಕತ್ತಿಯಂಥ ಚೂರುಗಳಾಗಿ ಮುಖಕ್ಕೆ, ಕತ್ತಿಗೆ ನುಗ್ತಿತ್ತು. ಅಪಘಾತದ ಪೆಟ್ಟಿಗಿಂತ ಗಾಜಿನ ಗಾಯವೇ ಹೆಚ್ಚು ಅನ್ನೋ ಪರಿಸ್ಥಿತಿ.

ಇದಕ್ಕೆ ದಾರಿ ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ. ಎದುವಾರ್ ಬೆನೆದಿಕ್ತ್ಯೂಸ್ ಅಂತ ಒಬ್ಬರಿದ್ದರು. ಚಿತ್ರಕಲಾವಿದರೂ ಹೌದು, ರಸಾಯನಶಾಸ್ತ್ರ ಬಲ್ಲವರೂ ಹೌದು. 1903ರಲ್ಲಿ ಅವರ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುಡ್ಡಿ ಮೇಲಿಂದ ಬಿತ್ತಂತೆ. ಒಡೆಯಿತು, ಆದರೆ ಚೂರು ಚೆಲ್ಲಲಿಲ್ಲ. ಬುಡ್ಡಿ ಬುಡ್ಡಿಯ ಆಕಾರದಲ್ಲೇ ಉಳಿದಿತ್ತು. ಹಿಂದೆ ಯಾವಾಗಲೋ ಅದರಲ್ಲಿ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಇಟ್ಟಿದ್ದರು. ಅದು ಒಣಗಿ ಒಳಮೈಗೆ ಕಣ್ಣಿಗೆ ಕಾಣದ ಪೊರೆಯಾಗಿ ಅಂಟಿಕೊಂಡಿತ್ತು. ಆ ಪೊರೆಯೇ ಚೂರುಗಳನ್ನು ಹಿಡಿದಿಟ್ಟಿದ್ದು. ಕಾರು ಅಪಘಾತದಲ್ಲಿ ಗಾಜಿನಿಂದ ಗಾಯವಾದವರ ಸುದ್ದಿ ಪತ್ರಿಕೆಯಲ್ಲಿ ಓದಿದ ಮೇಲೆ ಅವರಿಗೆ ಈ ಬುಡ್ಡಿ ನೆನಪಾಯಿತು ಅಂತ ಹೇಳ್ತಾರೆ. ಎರಡು ಗಾಜಿನ ನಡುವೆ ಸೆಲ್ಯುಲಾಯ್ಡ್ ಹಾಳೆ ಇಟ್ಟು ಅಂಟಿಸಿ, 1909ರಲ್ಲಿ ಪೇಟೆಂಟ್ ತಗೊಂಡರು. ಲ್ಯಾಮಿನೇಟೆಡ್ ಗ್ಲಾಸ್ ಅನ್ನೋದು ಇದೇ.

ಕಾರಿನವರು ಮಾತ್ರ ಇದನ್ನು ತಕ್ಷಣ ತಗೊಳ್ಳಲಿಲ್ಲ. ದುಡ್ಡು ಜಾಸ್ತಿ ಆಗುತ್ತೆ ಅನ್ನೋದೇ ಕಾರಣ. ಮೊದಲು ದೊಡ್ಡದಾಗಿ ಬಳಕೆಯಾಗಿದ್ದು ಮೊದಲನೇ ಮಹಾಯುದ್ಧದಲ್ಲಿ, ವಿಷಾನಿಲದಿಂದ ಕಾಪಾಡೋ ಮುಖವಾಡಗಳ ಕಣ್ಣಿನ ಗಾಜಿಗೆ. ಯುದ್ಧ ಮುಗಿದ ಮೇಲೆ ಫೋರ್ಡ್ ಕಂಪನಿ ಇದರ ಕಡೆ ನೋಡಿತು. 1927ರ ಕೊನೆಯಲ್ಲಿ ಬಂದ ಮಾಡೆಲ್ ಎ ಕಾರಿನ ಮುಂದಿನ ಗ್ಲಾಸು ಲ್ಯಾಮಿನೇಟೆಡ್. ಆ ಕಾಲದ ಸೆಲ್ಯುಲಾಯ್ಡ್ ಪೊರೆ ಬಿಸಿಲಿಗೆ ಹಳದಿಯಾಗಿ ಮಬ್ಬಾಗ್ತಿತ್ತು. 1930ರ ದಶಕದ ಕೊನೆಗೆ ಪಾಲಿವಿನೈಲ್ ಬ್ಯುಟಿರಾಲ್ ಅನ್ನೋ ಪ್ಲಾಸ್ಟಿಕ್ ಪೊರೆ ಬಂತು. ಚಿಕ್ಕದಾಗಿ ಪಿವಿಬಿ. ಇವತ್ತು ನಿಮ್ಮ ಕಾರಿನಲ್ಲಿರೋದೂ ಅದೇ. ಸುಮಾರು ಎರಡೆರಡು ಮಿಲಿಮೀಟರಿನ ಎರಡು ಗಾಜು, ನಡುವೆ ಮುಕ್ಕಾಲು ಮಿಲಿಮೀಟರಿನ ಪೊರೆ. ನನ್ನ ಕಾರಿನ ಗ್ಲಾಸು ಅಷ್ಟುದ್ದ ಸೀಳಿದರೂ ಒಂದು ಚೂರೂ ಒಳಗೆ ಬೀಳಲಿಲ್ಲ ಅಂದ್ರೆ ಆ ಪೊರೆಯ ಪುಣ್ಯ.

ಲ್ಯಾಮಿನೇಟೆಡ್ ಜೊತೆಗೆ ಇನ್ನೊಂದು ಜಾತಿಯೂ ಬೆಳೆಯಿತು. ಟಫನ್ಡ್ ಗ್ಲಾಸ್, ಕೆಲವರು ಟೆಂಪರ್ಡ್ ಅಂತಾರೆ. ಗಾಜನ್ನು 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಮೇಲೆ ತಣ್ಣನೆ ಗಾಳಿಯನ್ನು ರಭಸವಾಗಿ ಊದ್ತಾರೆ. ಹೊರಮೈ ಬೇಗ ಗಟ್ಟಿಯಾಗುತ್ತೆ, ಒಳಗಿನದು ನಿಧಾನವಾಗಿ ಆರುತ್ತಾ ಹೊರಮೈಯನ್ನು ಒಳಕ್ಕೆ ಬಿಗಿಯಾಗಿ ಎಳೆದುಕೊಳ್ಳುತ್ತೆ. ಆ ಬಿಗಿತದಿಂದ ಗಾಜಿಗೆ ಗಟ್ಟಿತನ. ಆದರೆ ಒಂದು ಕಡೆ ಆಳವಾಗಿ ಪೆಟ್ಟು ಬಿದ್ದರೆ ಬಿಗಿತವೆಲ್ಲ ಒಟ್ಟಿಗೇ ಬಿಚ್ಚಿಕೊಂಡು ಇಡೀ ಗಾಜು ಕಲ್ಲುಸಕ್ಕರೆಯಂಥ ಹರಳಾಗುತ್ತೆ. ಕತ್ತಿಯಂಥ ಚೂರಿಲ್ಲ, ಅದು ಒಳ್ಳೇದೇ. ನಿಮ್ಮ ಬಾಗಿಲಿನ ಗ್ಲಾಸುಗಳು ಸಾಮಾನ್ಯವಾಗಿ ಇದೇ ಜಾತಿಯವು. ಅಪಾಯ ಬಂದಾಗ ಒಡೆದು ಹೊರಗೆ ಬರಲೂಬಹುದು.

ಮುಂದಿನ ಗ್ಲಾಸಿಗೆ ಇದನ್ನು ಹಾಕಿದರೆ ಬೇರೆ ಕಷ್ಟ. ಓಡ್ತಾ ಇರುವಾಗ ಒಂದು ಕಲ್ಲು ಬಿತ್ತು ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಇಡೀ ಗ್ಲಾಸು ಬೆಳ್ಳಗಾಗಿ ರಸ್ತೆಯೇ ಕಾಣಿಸಲ್ಲ. ಹಳೇ ಲಾರಿ ಡ್ರೈವರುಗಳು ಈಗಲೂ ಹೇಳ್ತಾರೆ, ಆಗೆಲ್ಲ ಟವಲ್ ಸುತ್ತಿದ ಕೈಯಲ್ಲಿ ಗುದ್ದಿ ಕಿಂಡಿ ಮಾಡ್ಕೊಂಡು ಗಾಡಿ ನಿಲ್ಲಿಸ್ತಿದ್ದೆವು ಅಂತ. ಹೀಗಿದ್ದರೂ ಯೂರೋಪಿನಲ್ಲೂ ನಮ್ಮಲ್ಲೂ ಎಷ್ಟೋ ವರ್ಷ ಮುಂದಿನ ಗ್ಲಾಸಿಗೆ ಟಫನ್ಡ್ ನಡೆಯಿತು. ಅಗ್ಗ ಅಲ್ಲವಾ.

ಅಂದ್ರೆ ಅಷ್ಟು ಹೊತ್ತಿಗಾಗಲೇ ‘ಸರಿ’ಗೆ ಎರಡನೇ ಅರ್ಥ ಬಂದಿತ್ತು. ಗ್ಲಾಸು ಚೌಕಟ್ಟಿಗೆ ಕೂತರೆ ಸಾಲದು, ಒಡೆಯುವಾಗಲೂ ಸರಿಯಾಗಿ ಒಡೆಯಬೇಕು. ಈ ಎರಡನೇ ಅರ್ಥ ನಮ್ಮ ತಾಲ್ಲೂಕುಗಳಿಗೆ ಬರೋದು ತಡವಾಯಿತು. ಅದರ ಬೆಲೆ ಕೊಟ್ಟವರಲ್ಲಿ ಚಿಕ್ಕಪ್ಪನೂ ಒಬ್ಬರು.

1983ರ ಮಾತು. ಚಿಕ್ಕಪ್ಪನ ಹತ್ತಿರ ಒಂದು ಹಳೇ ಜೀಪಿತ್ತು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಗೆಲ್ಲ ಬಾಡಿಗೆ ಓಡಿಸ್ತಿದ್ದರು. ಹೊಗೆಸೊಪ್ಪಿನ ಕಾಲ ಬಂದರೆ ಬೇಲು ಹೇರೋದು, ಬಿಡುವಾದಾಗ ಮದುವೆ ದಿಬ್ಬಣ. ಜೀಪಿನ ಮುಂದಿನ ಗ್ಲಾಸು ಬಾಗಿಲ್ಲ, ಬಳುಕಿಲ್ಲ, ಚಪ್ಪಟೆ. ಚೌಕಟ್ಟಿನ ಸಮೇತ ಮುಂದಕ್ಕೆ ಬಾನೆಟ್ಟಿನ ಮೇಲೆ ಮಡಚಿ ಮಲಗಿಸಬಹುದಿತ್ತು. ಒಂದು ದಿನ ಅದು ಒಡೆಯಿತು. ಪಿರಿಯಾಪಟ್ಟಣದಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನು ಅಳತೆ ತಗೊಂಡು, ವಜ್ರದ ಕಡ್ಡಿಯಲ್ಲಿ ಗೀರಿ, ಕಿಟಕಿ ಗಾಜು ಕತ್ತರಿಸಿ ಕೂರಿಸಿಕೊಟ್ಟ. “ಒಂದ್ ಕೂದ್ಲು ಅತ್ಲಾಗಿತ್ಲಾಗಿಲ್ಲ, ಹಂಗೆ ಕೂತಿತ್ತು” ಅಂತ ಚಿಕ್ಕಪ್ಪ ಈಗಲೂ ಹೇಳ್ತಾರೆ. ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ಮೋಸವೂ ಇರಲಿಲ್ಲ. ಗಾಜಿನಲ್ಲಿ ಜಾತಿಗಳಿವೆ ಅನ್ನೋದು ಅವನಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಬೆಟ್ಟದಪುರದ ರಸ್ತೆಯಲ್ಲಿ ಅಡ್ಡ ಬಂದ ಎತ್ತನ್ನು ತಪ್ಪಿಸೋಕೆ ಹೋಗಿ ಜೀಪು ಚರಂಡಿಗಿಳೀತು. ವೇಗವೇನೂ ಇರಲಿಲ್ಲ. ಜೀಪಿಗೆ ಬಂಪರು ಸೊಟ್ಟಗಾಗಿದ್ದು ಬಿಟ್ಟು ಬೇರೇನೂ ಆಗಲಿಲ್ಲ. ಪಕ್ಕದಲ್ಲಿದ್ದವರು ಎದ್ದು ಮೈ ಕೊಡವಿಕೊಂಡರು. ಚಿಕ್ಕಪ್ಪನ ಮುಖಕ್ಕೆ ಮಾತ್ರ ಗಾಜು ಹೊಕ್ಕಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಕಣ್ಣು ಉಳಿಯಲಿಲ್ಲ. ಆಗ ಅವರಿಗೆ ಇಪ್ಪತ್ತಾರು. ಜೀಪು ಮಾರಿದರು. ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ.

ಅದೇ 1983ರ ಡಿಸೆಂಬರಿನಲ್ಲಿ ದೇಶದಲ್ಲಿ ಮೊದಲ ಮಾರುತಿ 800 ರಸ್ತೆಗಿಳೀತು. ಅದರ ಜೊತೆಗೆ ‘ಸರಿ’ಯ ಮೂರನೇ ಅರ್ಥವೂ ಶುರುವಾಯಿತು ಅನ್ನಬಹುದು. ಅಲ್ಲೀವರೆಗೆ ನಮ್ಮ ರಸ್ತೆಯಲ್ಲಿದ್ದದ್ದು ಹೆಚ್ಚಾಗಿ ಅಂಬಾಸಿಡರ್, ಫಿಯೆಟ್, ಜೀಪು. 1958ರಲ್ಲಿ ಬಂದ ಅಂಬಾಸಿಡರಿನ ಮೈಕಟ್ಟು ದಶಕಗಟ್ಟಲೆ ಹೆಚ್ಚು ಬದಲಾಗಲೇ ಇಲ್ಲ. ‘ಅಂಬಾಸಿಡರ್ ಗ್ಲಾಸು ಕೊಡಿ’ ಅಂದ್ರೆ ಸಾಕಿತ್ತು, ಯಾವ ಇಸವಿದು ಅಂತ ಯಾರೂ ಕೇಳ್ತಿರಲಿಲ್ಲ. ಮಾರುತಿ ಹಾಗಲ್ಲ. 1986ರಲ್ಲಿ ಹೆಸರು 800 ಅಂತಲೇ ಉಳಿದು, ಮೈಯೇ ಹೊಸದಾಯಿತು. ಹೆಸರೊಂದು, ಗಾಡಿ ಎರಡು. ಅವತ್ತಿಂದ ‘ಯಾವ ಮಾರುತಿ? ಹಳೇದಾ ಹೊಸದಾ?’ ಅನ್ನೋ ಪ್ರಶ್ನೆ ಬಂತು. ಈಗಂತೂ ಒಂದೇ ಹೆಸರಿನ, ಒಂದೇ ಇಸವಿಯ ಕಾರಿನಲ್ಲಿ ಮಳೆ ಸೆನ್ಸರ್ ಇರೋದು, ಇಲ್ಲದ್ದು, ಕ್ಯಾಮೆರಾ ಇರೋದು, ಮೇಲೆ ಹಸಿರು ಪಟ್ಟಿ ಇರೋದು, ಇಲ್ಲದ್ದು, ಎಲ್ಲಾ ಇವೆ. ನನಗೆ ಎರಡು ಸಲ ತಪ್ಪು ಗ್ಲಾಸು ಬಂದದ್ದು ಇದರಿಂದಲೇ.

ಕಾನೂನಿನ ಕಥೆ ಇದರ ನಡುವೆ ಬರುತ್ತೆ. 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಇದರ 100ನೇ ನಿಯಮ ಗ್ಲಾಸಿನ ಬಗ್ಗೆ. ವಾಹನದ ಗ್ಲಾಸು ಸೇಫ್ಟಿ ಗ್ಲಾಸ್ ಆಗಿರಬೇಕು, ಮುಂದಿನ ಗ್ಲಾಸು ಕನಿಷ್ಠ ಶೇಕಡ 70ರಷ್ಟು ಬೆಳಕು ಬಿಡಬೇಕು ಅಂತೆಲ್ಲ ಇದೆ. ಆದರೆ ಮುಂದಿನ ಗ್ಲಾಸು ಲ್ಯಾಮಿನೇಟೆಡ್ಡೇ ಆಗಬೇಕು ಅಂತ ಬಂದಿದ್ದು 1993ರ ತಿದ್ದುಪಡಿಯಲ್ಲಿ. ಅದಕ್ಕೂ ಕಂಪನಿಗಳಿಗೆ ಮೂರು ವರ್ಷ ಗಡುವು ಕೊಟ್ಟರು. ಅಂದ್ರೆ ಹೊಸ ಗಾಡಿಗಳಿಗೆ ಕಡ್ಡಾಯವಾಗಿದ್ದು 1996ರಲ್ಲಿ. 1999ರಲ್ಲಿ ಮತ್ತೆ ತಿದ್ದಿ, ಭಾರತೀಯ ಮಾನಕ ಐಎಸ್ 2553ರ ಪ್ರಕಾರವೇ ಇರಬೇಕು ಅಂದರು. ಲೆಕ್ಕ ಹಾಕಿ. ಬೆನೆದಿಕ್ತ್ಯೂಸ್ ಪೇಟೆಂಟ್ ತಗೊಂಡಿದ್ದು 1909. ನಮ್ಮಲ್ಲಿ ಕಡ್ಡಾಯವಾಗೋಕೆ 87 ವರ್ಷ. ಚಿಕ್ಕಪ್ಪನ ಕಣ್ಣು ಹೋಗಿ ಹದಿಮೂರು ವರ್ಷವಾದ ಮೇಲೆ.

ಕೂರಿಸುವ ವಿಧಾನವೂ ಬದಲಾಯಿತು. ಹಿಂದೆ ಗ್ಲಾಸಿನ ಸುತ್ತ ರಬ್ಬರ್ ಬೀಡಿಂಗ್ ಇರ್ತಿತ್ತು. ಅದರ ಸಂದಿಗೆ ಒಂದು ದಾರ ಸುತ್ತಿ, ಹೊರಗಿಂದ ಒಬ್ಬ ಗ್ಲಾಸು ಒತ್ತಿ ಹಿಡಿದರೆ ಒಳಗಿಂದ ಇನ್ನೊಬ್ಬ ದಾರ ಎಳೀತಾ ಬರ್ತಿದ್ದ, ರಬ್ಬರಿನ ತುಟಿ ಚೌಕಟ್ಟಿನ ಮೇಲೆ ಕೂರ್ತಿತ್ತು. ನೋಡೋಕೆ ಚೆಂದದ ಕೆಲಸ. ಈಗ ಹೆಚ್ಚಿನ ಕಾರುಗಳಲ್ಲಿ ಗ್ಲಾಸನ್ನು ಪಾಲಿಯುರಿಥೇನ್ ಅಂಟಿನಿಂದ ಬಾಡಿಗೇ ಅಂಟಿಸ್ತಾರೆ. ಗ್ಲಾಸು ಈಗ ಗಾಳಿ ತಡೆಯೋ ಪರದೆ ಮಾತ್ರ ಅಲ್ಲ, ಗಾಡಿಯ ಮೈಕಟ್ಟಿನ ಭಾಗ. ಕಾರು ಮಗುಚಿದರೆ ಟಾಪು ಕುಸಿಯದಂತೆ ತಡೆಯೋದರಲ್ಲಿ ಅದರ ಪಾಲಿದೆ. ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯ, ಹೊಸ ಮಾದರಿಗಳಲ್ಲಿ ಪಕ್ಕದ ಸೀಟಿಗೂ 2021ರ ಏಪ್ರಿಲ್‌ನಿಂದ ಕಡ್ಡಾಯ. ಪಕ್ಕದ ಸೀಟಿನ ಏರ್‌ಬ್ಯಾಗು ಎಷ್ಟೋ ಕಾರುಗಳಲ್ಲಿ ಉಬ್ಬುವಾಗ ಮುಂದಿನ ಗ್ಲಾಸಿಗೆ ಒರಗಿಯೇ ಕೂತವರ ಕಡೆ ತಿರುಗೋದು. ಅಂಟು ಒಣಗಿಲ್ಲ, ಇಲ್ಲಾ ಗ್ಲಾಸೇ ಕೆಟ್ಟದ್ದು ಅಂದ್ರೆ ಏರ್‌ಬ್ಯಾಗು ಗ್ಲಾಸನ್ನೇ ಹೊರಕ್ಕೆ ದಬ್ಬಿಬಿಡಬಹುದು. ಆ ಸೀಟಿನಲ್ಲಿ ಕೂರೋರು ಯಾರು ಹೇಳಿ? ಹೆಂಡತಿ, ಇಲ್ಲಾ ವಯಸ್ಸಾದ ಅಪ್ಪ ಅವ್ವ.

ಈಗ ನನ್ನ ಕಾರಿಗೆ ಬರ್ತೀನಿ. ಆ ಅರ್ಧ ರೇಟಿನ ಗ್ಲಾಸನ್ನು ಬಿಟ್ಟು ಬಂದೆವು. ಮೊದಲು ಹೋಗಿದ್ದ ಅಂಗಡಿಯಲ್ಲಿ ಕೆಲಸ ಮಾಡೋ ಹಿರಿಯ ಫಿಟ್ಟರ್ ಒಬ್ಬರು, “ಹೆಸ್ರು ಇಸ್ವಿ ಬಿಡಿ ಸಾ, ಚಾಸಿ ನಂಬರ್ ಕೊಡಿ” ಅಂದ್ರು. ಆರ್‌ಸಿಯಲ್ಲಿರೋ ಹದಿನೇಳು ಅಕ್ಷರ ಅಂಕಿಗಳ ನಂಬರು. ಒಡೆದ ಗ್ಲಾಸಿನ ಮೂಲೆಯ ಮುದ್ರೆ, ಕನ್ನಡಿ ಹಿಂದಿನ ಜಾಗ, ಎರಡರ ಫೋಟೋ ತೆಗೆದು ನಂಬರಿನ ಜೊತೆ ಮೈಸೂರಿಗೆ ಕಳಿಸಿದರು. ಅರ್ಧ ಗಂಟೆಗೆ ಪಾರ್ಟ್ ನಂಬರ್ ಬಂತು. ಆ ನಂಬರಿನ ಗ್ಲಾಸು ಮಾತ್ರ ಸ್ಟಾಕಿಲ್ಲ, ಆರು ದಿನ ಆಗುತ್ತೆ ಅಂದ್ರು. ಮದುವೆಗೆ ಇನ್ನು ಎರಡೇ ದಿನ.

ಅಕ್ಕನಿಗೆ ಫೋನ್ ಮಾಡಿದೆ. “ಕಾರಿಲ್ಲ ಅಂದ್ರೆ ಬಸ್ಸಿಗ್ ಬಾರೋ, ಚಿಕ್ಕಪ್ಪಂಗಾದಂಗ್ ಆಗದ್ ಬ್ಯಾಡ” ಅಂದಳು. ಬೇರೆ ಮಾತೇ ಆಡಲಿಲ್ಲ. ನಮ್ಮ ಮನೆಯಲ್ಲಿ ಆ ವಿಷಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಭಾವ ಒಂದು ಟಿಟಿ ಗಾಡಿ ಬಾಡಿಗೆಗೆ ಹಿಡಿದರು. ನಾವು ಬಸ್ಸಿನಲ್ಲೇ ಕೆ.ಆರ್. ನಗರಕ್ಕೆ ಹೋಗಿ ಧಾರೆ ಮುಗಿಸಿ ಬಂದೆವು.

ಗ್ಲಾಸು ಬಂದ ದಿನ ಅಂಗಡಿಯಲ್ಲಿ ಕಲಿತ ನಾಲ್ಕು ಮಾತು ಹೇಳಿಬಿಡ್ತೀನಿ, ನಿಮಗೂ ಬೇಕಾಗಬಹುದು.

ಕಲ್ಲು ಬಿದ್ದ ಗುರುತು ಸಣ್ಣದಿದ್ದು, ಡ್ರೈವರಿನ ನೋಟಕ್ಕೆ ಅಡ್ಡ ಇಲ್ಲದಿದ್ದರೆ ರೆಸಿನ್ ತುಂಬಿಸಿ ಅಲ್ಲೇ ನಿಲ್ಲಿಸಬಹುದು. ಅವತ್ತೇ ಅದರ ಮೇಲೆ ಟೇಪು ಅಂಟಿಸಿ, ನೆರಳಲ್ಲಿ ನಿಲ್ಲಿಸಿ, ಬೇಗ ತೋರಿಸಬೇಕು. ನಾನು ಮಾಡಿದ ಹಾಗೆ ಬಿಸಿಲಲ್ಲಿ ಬಿಟ್ಟರೆ ಕೆಲಸ ಕೆಟ್ಟಿತು.

ಗ್ಲಾಸು ಕೂರಿಸಿದ ತಕ್ಷಣ ಗಾಡಿ ಕೇಳಬೇಡಿ. ಅಂಟು ಹಿಡಿಯೋಕೆ ಎಷ್ಟು ಗಂಟೆ ಬೇಕು ಅನ್ನೋದು ಅಂಟಿನ ಮೇಲೆ ಹೋಗುತ್ತೆ. ಎಷ್ಟು ಅಂತ ಕೇಳಿ, ಅಷ್ಟು ಹೊತ್ತು ಬಿಡಿ.

ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ಓದಿ. 2002ರ ಮೋಟಾರು ಟ್ಯಾರಿಫ್ ಪ್ರಕಾರ ರಬ್ಬರು, ಪ್ಲಾಸ್ಟಿಕ್ ಸಾಮಾನಿಗೆ ಸವಕಳಿ ಅಂತ ಅರ್ಧ ಕಳೀತಾರೆ, ಗಾಜಿಗೆ ಮಾತ್ರ ಸವಕಳಿ ಇಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಅರ್ಧ ರೇಟಿನ ಗ್ಲಾಸು ಹುಡುಕಿಕೊಂಡು ಹೋಗ್ತಾರೆ. ಆದರೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ಸಿಗೆ ಪೆಟ್ಟು ಬೀಳಬಹುದು, ಅದನ್ನೂ ಲೆಕ್ಕ ಹಾಕಿ.

ಕೊನೇದು ಫಾಸ್ಟ್ಯಾಗು. ಹಳೇ ಗ್ಲಾಸಿನಿಂದ ಕಿತ್ತರೆ ಅದು ಹಾಳು. ಹೊಸದಕ್ಕೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಬೆಂಗಳೂರು ಹೈವೇ ಟೋಲಿನಲ್ಲಿ ಜಾಸ್ತಿ ಕಟ್ಟಬೇಕಾಗುತ್ತೆ.

ಅಂತೂ ಏಳನೇ ದಿನ ಮಧ್ಯಾಹ್ನ ಗ್ಲಾಸು ಬಂತು. ಚಿಕ್ಕಪ್ಪನೂ ಬಂದರು. ಮರದ ಚೌಕಟ್ಟಿನಿಂದ ಅದನ್ನು ಇಳಿಸಿದ ಕೂಡಲೇ, ಫಿಟ್ಟರ್ ಕೈ ಹಾಕೋ ಮೊದಲೇ, ಮೊಬೈಲ್ ಟಾರ್ಚು ಹಾಕ್ಕೊಂಡು ಮೂಲೆ ಹುಡುಕಿದರು. ಕಂಪನಿ ಹೆಸರು, ಐಎಸ್ 2553, ಲ್ಯಾಮಿನೇಟೆಡ್ ಅಂತ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಸಣ್ಣ ಅಕ್ಷರ. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಒಡೆದ ಗ್ಲಾಸಿನ ಮುದ್ರೆಯನ್ನೂ ಇದನ್ನೂ ಒಂದೊಂದೇ ಅಕ್ಷರ ತಾಳೆ ನೋಡಿ, “ಎರಡೂ ಒಂದೇ ಅದೆ, ಹಾಕಪ್ಪ” ಅಂದ್ರು.

ನೀವೂ ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಗಾಡಿಯ ಮುಂದಿನ ಗ್ಲಾಸಿನ ಮೂಲೆ ಒಂದ್ಸಲ ನೋಡಿ. ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ತಪ್ಪದೆ ನೋಡಿ. ಹಿಂದಿನವರು ಯಾವ ಅರ್ಜೆಂಟಿನಲ್ಲಿ ಏನು ಹಾಕಿಸಿದ್ದಾರೋ ಯಾರಿಗೆ ಗೊತ್ತು.